ನಳದ ನೀರಿನ ಸರದಿ ಮನೆಮಂದಿಯ ಫೋನಿನಲ್ಲೆಲ್ಲ ಕಾಣಬೇಕೆಂದರೆ

ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಲ್ಲಿ ನಳಕ್ಕೆ ನೀರು ದಿನಾ ಬರೋದಿಲ್ಲ. ಬರೋ ದಿನ ಮನೆಯಲ್ಲಿ ಒಬ್ಬರಾದರೂ ಇರಬೇಕು. ಅವ್ವನ ಕೈಯಲ್ಲಿ ಆಂಡ್ರಾಯ್ಡ್, ಮಗಳ ಹತ್ತಿರ ಐಫೋನ್, ಅಪ್ಪನ ಅಂಗಡಿಯಲ್ಲಿ ವಿಂಡೋಸ್ ಕಂಪ್ಯೂಟರ್ ಇರುವ ಮನೆಗೆ ಗೂಗಲ್ ಕ್ಯಾಲೆಂಡರೇ ಸರಿ. ಆ್ಯಪಲ್‌ನ ಐಕ್ಲೌಡ್ ಕ್ಯಾಲೆಂಡರಿಗೆ ಆಂಡ್ರಾಯ್ಡ್‌ನಲ್ಲಿ ಆ್ಯಪಲ್‌ನದೇ ಆ್ಯಪ್ ಇಲ್ಲ.

ಗೂಗಲ್ ಫ್ಯಾಮಿಲಿ ಗ್ರೂಪ್ ಮಾಡಿದರೆ ‘ಫ್ಯಾಮಿಲಿ’ ಕ್ಯಾಲೆಂಡರ್ ತಾನೇ ಹುಟ್ಟುತ್ತದೆ. ಆದರೆ ಅದರಲ್ಲಿ 6 ಜನಕ್ಕಷ್ಟೇ ಜಾಗ, ಎಲ್ಲರೂ ಒಂದೇ ದೇಶದಲ್ಲಿರಬೇಕು. ಕಾಕಾ-ಕಾಕುಗಳೂ ಸೇರಿದ ಮನೆಗೆ ಅದು ಸಾಲದು. ಬದಲಿಗೆ ಕಂಪ್ಯೂಟರಿನ ಬ್ರೌಸರ್‌ನಲ್ಲಿ ಗೂಗಲ್ ಕ್ಯಾಲೆಂಡರ್ ತೆಗೆದು, ಎಡಗಡೆ ‘ಅದರ್ ಕ್ಯಾಲೆಂಡರ್ಸ್’ ಪಕ್ಕದ ಪ್ಲಸ್ ಒತ್ತಿ ‘ಮನೆ’ ಅಂತ ಹೊಸದೊಂದು ಮಾಡಿ. ಅದರ ಸೆಟ್ಟಿಂಗ್ಸ್‌ನಲ್ಲಿ ಒಬ್ಬೊಬ್ಬರ ಜಿಮೇಲ್ ಸೇರಿಸಿ ‘ಮೇಕ್ ಚೇಂಜಸ್ ಟು ಈವೆಂಟ್ಸ್’ ಅನುಮತಿ ಕೊಡಿ. ಅವರು ಮೇಲ್‌ನಲ್ಲಿ ಬಂದ ಲಿಂಕ್ ಒತ್ತಿದ ಮೇಲೆಯೇ ಕ್ಯಾಲೆಂಡರ್ ಅವರಿಗೆ ಸೇರುತ್ತದೆ. ಅರ್ಧ ಮನೆಯವರು ಆ ಮೇಲ್ ತೆರೆಯುವುದೇ ಇಲ್ಲ, ಕೂಡಿಸಿಕೊಂಡು ಒತ್ತಿಸಿ.

ಈಗ ನೀರಿಗೆ ಬರೋಣ. ಮುಂದಿನ ನೀರಿನ ದಿನಕ್ಕೆ ಈವೆಂಟ್ ಹಾಕಿ, ‘ರಿಪೀಟ್’ನಲ್ಲಿ ‘ಕಸ್ಟಮ್’ ಆರಿಸಿ, ನಿಮ್ಮ ಓಣಿಗೆ ಐದು ದಿನಕ್ಕೊಮ್ಮೆ ನೀರು ಬರುತ್ತಿದ್ದರೆ ‘ಎವ್ರಿ 5 ಡೇಸ್’ ಕೊಡಿ. ಪೈಪ್ ಒಡೆದೋ ಕರೆಂಟ್ ಹೋಗಿಯೋ ನೀರು ಒಂದು ದಿನ ತಡವಾದರೆ ಆ ಈವೆಂಟನ್ನು ಮರುದಿನಕ್ಕೆ ಎಳೆದು, ಕೇಳಿದಾಗ ‘ದಿಸ್ ಅಂಡ್ ಫಾಲೋಯಿಂಗ್ ಈವೆಂಟ್ಸ್’ ಆರಿಸಿ. ಮುಂದಿನ ಸರದಿಯೆಲ್ಲ ಒಂದೊಂದು ದಿನ ಸರಿಯುತ್ತದೆ. ‘ದಿಸ್ ಈವೆಂಟ್’ ಮಾತ್ರ ಒತ್ತಿದರೆ ಮುಂದಿನ ಸಲ ಖಾಲಿ ಕೊಡ ಇಟ್ಟುಕೊಂಡು ಒಂದು ದಿನ ಮೊದಲೇ ಕಾಯಬೇಕಾಗುತ್ತದೆ.

ಬಹಳ ಮಂದಿ ಎಡವೋದು ರಿಮೈಂಡರ್‌ನಲ್ಲಿ. ಈವೆಂಟ್ ಎಲ್ಲರಿಗೂ ಕಾಣುತ್ತದೆ, ಆದರೆ ನೀವು ಇಟ್ಟ ಅಲರ್ಟ್ ನಿಮ್ಮ ಖಾತೆಗೆ ಮಾತ್ರ. ಅವ್ವನ ಫೋನ್ ಸದ್ದು ಮಾಡಬೇಕೆಂದರೆ ಅವರ ಆ್ಯಪ್‌ನಲ್ಲೇ ಸೆಟ್ಟಿಂಗ್ಸ್‌ಗೆ ಹೋಗಿ, ‘ಮನೆ’ ಕ್ಯಾಲೆಂಡರ್ ಕೆಳಗೆ ಡಿಫಾಲ್ಟ್ ನೋಟಿಫಿಕೇಶನ್ ಸೇರಿಸಬೇಕು. ಹಿಂದಿನ ರಾತ್ರಿಗೊಂದು, ಅರ್ಧ ಗಂಟೆ ಮುಂಚೆ ಒಂದು ಸಾಕು. ಆಮೇಲೂ ಸದ್ದಿಲ್ಲದಿದ್ದರೆ ಬ್ಯಾಟರಿ ಸೇವರ್ ಆ್ಯಪನ್ನು ಮಲಗಿಸಿರಬಹುದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿನ ಬ್ಯಾಟರಿ ಬಳಕೆಯನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ. ‘ಟಾಸ್ಕ್’ ಅಂತ ಹಾಕಿದ್ದು ಯಾರಿಗೂ ಹಂಚಿಕೆಯಾಗಲ್ಲ, ‘ಈವೆಂಟ್’ ಅಂತಲೇ ಹಾಕಿ. ಸೇವ್ ಮಾಡುವ ಮುನ್ನ ಯಾವ ಕ್ಯಾಲೆಂಡರ್ ಅಂತ ನೋಡಿ: ಸುಮ್ಮನೆ ಬಿಟ್ಟರೆ ನಿಮ್ಮ ಸ್ವಂತದ್ದಕ್ಕೆ ಹೋಗುತ್ತದೆ. ಫೋನ್ ಕಂಪನಿಯ ಕ್ಯಾಲೆಂಡರ್ ಆ್ಯಪ್‌ನಲ್ಲಿ ‘ಮೈ ಫೋನ್’ ಆಯ್ಕೆಯಾಗಿದ್ದರೆ ಈವೆಂಟ್ ಆ ಫೋನ್ ಬಿಟ್ಟು ಆಚೆ ಬರುವುದೇ ಇಲ್ಲ.

ಐಫೋನಿನಲ್ಲಿ ಗೂಗಲ್ ಕ್ಯಾಲೆಂಡರ್ ಆ್ಯಪ್ ಹಾಕಿದರೆ ತಂಟೆ ಕಡಿಮೆ. ಆ್ಯಪಲ್‌ನ ಕ್ಯಾಲೆಂಡರೇ ಬೇಕು ಅನ್ನುವವರು ಗೂಗಲ್ ಖಾತೆ ಸೇರಿಸಿದರೂ ‘ಮನೆ’ ಕಾಣದೆ ತಲೆ ಕೆರೆದುಕೊಳ್ಳುತ್ತಾರೆ. ಬ್ರೌಸರ್‌ನಲ್ಲಿ ಗೂಗಲ್ ಕ್ಯಾಲೆಂಡರಿನ ‘ಸಿಂಕ್‌ಸೆಲೆಕ್ಟ್’ ಪುಟ ತೆರೆದು ಅದಕ್ಕೆ ಟಿಕ್ ಹಾಕಬೇಕು. ಜೊತೆಗೆ ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಫೆಚ್’ ಅನ್ನು, ಅಂದರೆ ಹೊಸ ಮಾಹಿತಿ ಎಷ್ಟು ಹೊತ್ತಿಗೊಮ್ಮೆ ತರಬೇಕೆಂಬುದನ್ನು, 15 ನಿಮಿಷಕ್ಕೆ ಇಡಿ.

ವಿಂಡೋಸ್‌ನಲ್ಲಿ ಬ್ರೌಸರ್ ಸಾಕು. ಕ್ಯಾಲೆಂಡರನ್ನು ಬೇರೆ ಆ್ಯಪ್‌ನಲ್ಲಿ ತೋರಿಸುವ ‘ಐಕ್ಯಾಲ್’ ಲಿಂಕ್ ಕೊಟ್ಟು ಸೇರಿಸುವ ಗೋಜು ಬೇಡ. ಅದರಲ್ಲಿ ನೋಡಬಹುದಷ್ಟೆ, ತಿದ್ದಲಾಗದು, ಹೊಸದು ಕಾಣಲು ಗಂಟೆಗಟ್ಟಲೆ ಹಿಡಿಯುತ್ತದೆ.

ಹಬ್ಬ, ಶ್ರಾದ್ಧಗಳನ್ನು ‘ಎವ್ರಿ ಇಯರ್’ ಅಂತ ಇಡಬೇಡಿ. ಶಿವರಾತ್ರಿ 2024ರಲ್ಲಿ ಮಾರ್ಚ್ 8, 2025ರಲ್ಲಿ ಫೆಬ್ರವರಿ 26, 2026ರಲ್ಲಿ ಫೆಬ್ರವರಿ 15. ತಾರೀಖು ಹಿಡಿದರೆ ಶಿವರಾತ್ರಿ ಹೊತ್ತಿಗೆ ನಡೆಯುವ ಹುಬ್ಬಳ್ಳಿಯ ಸಿದ್ಧಾರೂಢರ ಜಾತ್ರೆಯೇ ತಪ್ಪೀತು. ಯುಗಾದಿಗೆ ಹೊಸ ಪಂಚಾಂಗ ಬಂದಾಗ ವರ್ಷದ ತಿಥಿಗಳನ್ನೆಲ್ಲ ಒಂದು ಶೀಟ್‌ನಲ್ಲಿ ಬರೆದು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಫೈಲ್) ಮಾಡಿ. ಮೊದಲ ಸಾಲಿನ ಶೀರ್ಷಿಕೆಗಳು ‘ಸಬ್ಜೆಕ್ಟ್’, ‘ಸ್ಟಾರ್ಟ್ ಡೇಟ್’. ಇವು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಹಬ್ಬದ ಹೆಸರು ಕನ್ನಡದಲ್ಲಿರಲಿ. ತಾರೀಖಿನಲ್ಲಿ ತಿಂಗಳು ಮೊದಲು, ದಿನ ಆಮೇಲೆ: 02/15/2026. ಇಂಪೋರ್ಟ್ ಮಾಡುವಾಗ ಪಟ್ಟಿಯಿಂದ ‘ಮನೆ’ ಆರಿಸಿ. ಮೊದಲು ಎರಡೇ ಸಾಲು ಹಾಕಿ ನೋಡಿ. ತಪ್ಪು ತಾರೀಖಿಗೆ ಬಿದ್ದ ನಲವತ್ತು ಹಬ್ಬಗಳನ್ನು ಒಂದೊಂದಾಗಿ ಅಳಿಸೋದು ಬೇಸರದ ಕೆಲಸ.