ಪಿಯಾನೋ ಬರುತ್ತಾ? ಬರಲ್ಲ. ಆದರೂ ನೋಡ್ತೀನಿ

ಪ್ರಶ್ನೆ ಹೀಗಿರುತ್ತದೆ: "ಆ ಹಳೇ ಕಪ್ಪು-ಬಿಳುಪು ಪಿಯಾನೋ ವಿಡಿಯೋಗಳಲ್ಲಿ ನಿಂಗೇನ್ ಸಿಗತ್ತೆ?" ಕೇಳುವವರು ಬದಲಾಗುತ್ತಾರೆ, ಪ್ರಶ್ನೆ ಬದಲಾಗುವುದಿಲ್ಲ. ಆಫೀಸಿನಲ್ಲಿ ಊಟದ ಹೊತ್ತಿಗೆ ಪಕ್ಕ ಕೂತವರು ನನ್ನ ಫೋನಿಗೆ ಇಣುಕಿ ಕೇಳುತ್ತಾರೆ. ಮದುವೆಮನೆಯಲ್ಲಿ ಕೇಳುತ್ತಾರೆ. ಮೊದಮೊದಲು ಖುಷಿಯಿಂದ ವಿವರಿಸುತ್ತಿದ್ದೆ. ಈಗ ಬಾಯಿ ನೋಯುತ್ತದೆ. ಇನ್ನು ಮೇಲೆ ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ. ಓದದೆ ಬಿಟ್ಟರೂ ಪರವಾಗಿಲ್ಲ, ಎರಡನೇ ಸಲ ಕೇಳದಿದ್ದರೆ ಸಾಕು.

ಮೊದಲು ಚಿಲ್ಲರೆ ಪ್ರಶ್ನೆಗಳನ್ನು ಮುಗಿಸೋಣ. ಪಿಯಾನೋ ಬರುತ್ತಾ? ಬರಲ್ಲ. ಕಲಿಯೋ ಯೋಚನೆ ಇದೆಯಾ? ಇಲ್ಲ. ರಾತ್ರಿಯೆಲ್ಲಾ ಕ್ರಿಕೆಟ್ ನೋಡುವ ನಿಮಗೆ ಬ್ಯಾಟಿಂಗ್ ಬರುತ್ತಾ ಅಂತ ನಾನು ಯಾವತ್ತಾದರೂ ಕೇಳಿದ್ದೀನಾ? ಆ ವಿಡಿಯೋಗಳಲ್ಲಿರುವ ರಾಗ್‌ಟೈಮ್ ಅನ್ನುವ ಪಿಯಾನೋ ಶೈಲಿಗೂ ನಮ್ಮ ರಾಗಕ್ಕೂ ಏನು ಸಂಬಂಧ? ಏನೂ ಇಲ್ಲ. ಇನ್ನು "ನಮ್ಮ ಸಂಗೀತ ಬಿಟ್ಟು ಇದ್ಯಾಕೆ" ಅನ್ನುವವರಿಗೆ: ನಾನು ಏನನ್ನೂ ಬಿಟ್ಟಿಲ್ಲ. ಒಂದನ್ನು ಕೇಳಬೇಕಾದರೆ ಇನ್ನೊಂದನ್ನು ಬಿಡಬೇಕು ಅಂತ ಯಾರು ಹೇಳಿದರು? ಜಯಚಾಮರಾಜ ಒಡೆಯರ್ ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದರು. ಅವರೇ ಪಿಯಾನೋ ನುಡಿಸುತ್ತಿದ್ದರು. 1940ರ ದಶಕದ ಕೊನೆಯಲ್ಲಿ ಲಂಡನ್‌ನಲ್ಲಿದ್ದ ಮೆಟ್ನರ್ ಎಂಬ ರಷ್ಯನ್ ಸಂಯೋಜಕನ ಸಂಗೀತ ರೆಕಾರ್ಡ್ ಆಗಲಿ ಅಂತ ಮೈಸೂರಿನಿಂದ ದುಡ್ಡು ಕೊಟ್ಟರು. ಅವರು ರಾಗ್‌ಟೈಮ್ ಕೇಳುತ್ತಿದ್ದರು ಅಂತ ನಾನು ಹೇಳುತ್ತಿಲ್ಲ. ಪಿಯಾನೋ ಕಂಡರೆ ಮೂಗು ಮುರಿಯುವ ಮೈಸೂರಿನವರಿಗೆ ಮಾತ್ರ ಈ ಮಾತು.

ಈಗ ವಿಷಯಕ್ಕೆ ಬರುತ್ತೇನೆ. ರಾಗ್‌ಟೈಮ್ ಬೆಳೆದದ್ದು 19ನೇ ಶತಮಾನದ ಕೊನೆಯಲ್ಲಿ, ಅಮೆರಿಕದ ಕಪ್ಪು ಪಿಯಾನೋ ವಾದಕರ ಕೈಯಲ್ಲಿ. ಮಿಸೌರಿಯ ಕಡೆ ಹೆಂಡದಂಗಡಿ, ಕ್ಲಬ್ಬುಗಳಲ್ಲಿ. ಎಡಗೈ ತಾಳ ಬಿಡುವುದೇ ಇಲ್ಲ: ಕೆಳಗಿನ ಒಂದು ಸ್ವರ, ಮೇಲೊಂದು ಕಾರ್ಡ್ (ಒಟ್ಟಿಗೆ ಒತ್ತುವ ಕೆಲವು ಸ್ವರ), ಮತ್ತೆ ಕೆಳಗೆ, ಮತ್ತೆ ಮೇಲೆ. ಬಲಗೈ ಮಾತ್ರ ಏಟಿಗೆ ಸರಿಯಾಗಿ ಬೀಳದೆ ಸ್ವಲ್ಪ ಮುಂಚೆಯೋ ಸ್ವಲ್ಪ ತಡವಾಗಿಯೋ ಬೀಳುತ್ತದೆ. ಸ್ಕಾಟ್ ಜಾಪ್ಲಿನ್‌ನ 'ಮೇಪಲ್ ಲೀಫ್ ರಾಗ್' 1899ರಲ್ಲಿ ಅಚ್ಚಾಯಿತು. ಇದನ್ನು ವೇಗವಾಗಿ ನುಡಿಸಬೇಡಿ ಅಂತ ಜಾಪ್ಲಿನ್ ತನ್ನ ಸ್ವರಪ್ರತಿಗಳ ಮೇಲೆ ಅಚ್ಚು ಹಾಕಿಸುತ್ತಿದ್ದ. 1917ರಲ್ಲಿ ತೀರಿಕೊಂಡ. ಅದಾಗಿ ನಾಲ್ಕು ವರ್ಷಕ್ಕೆ ಜೆಜ್ ಕಾನ್‌ಫ್ರೀ ಅನ್ನುವವನು 'ಕಿಟನ್ ಆನ್ ದಿ ಕೀಸ್' ತಂದ. ಅವನೇನು ಮಾಡಿದ? ವೇಗವಾಗಿ ನುಡಿಸಿದ.

ಇದಕ್ಕೆ ನಾವೆಲ್ಟಿ ಪಿಯಾನೋ ಅನ್ನುತ್ತಾರೆ. ರಾಗ್‌ಟೈಮ್‌ನ ತುಂಟ ತಮ್ಮ. ಬೆಕ್ಕೊಂದು ಪಿಯಾನೋ ಮೇಲೆ ಓಡಾಡಿದ್ದನ್ನು ಕೇಳಿ ಆ ಕೃತಿ ಹೊಳೆಯಿತು ಅನ್ನುವ ಕಥೆ ಇದೆ. ನನಗೆ ಬೆಕ್ಕಿಗಿಂತ ಕಾನ್‌ಫ್ರೀಯ ನೌಕರಿ ಮುಖ್ಯ. ಅವನು ಪಿಯಾನೋ ರೋಲ್ ಕಂಪನಿಗೆ ನುಡಿಸುತ್ತಿದ್ದ. ರೋಲ್ ಅಂದರೆ ತೂತು ಹೊಡೆದ ಕಾಗದದ ಸುರುಳಿ. ಅದನ್ನು ಪ್ಲೇಯರ್ ಪಿಯಾನೋಗೆ ಹಾಕಿದರೆ ತಾನೇ ನುಡಿಯುತ್ತದೆ. ಕಲಾವಿದ ನುಡಿಸಿ ಎದ್ದುಹೋದ ಮೇಲೆ ಇನ್ನಷ್ಟು ತೂತು ಹೊಡೆಯಬಹುದಿತ್ತು. ಆಗ ಎರಡು ಕೈಯಲ್ಲಿ ಆಗದ ಸ್ವರಗಳೂ ಬರುತ್ತಿದ್ದವು. ಜನಕ್ಕೆ ಆ ಯಂತ್ರದ ಸದ್ದು ರುಚಿಸಿತು. ಆಮೇಲೆ ಬಂದ ವಾದಕರು ಹತ್ತೇ ಬೆರಳಲ್ಲಿ ಆ ಯಂತ್ರದ ಸದ್ದನ್ನು ತರಲು ಹೊರಟರು.

ಅದಕ್ಕೇ ನನಗೆ ವಿಡಿಯೋ ಬೇಕು. ಬರೀ ರೆಕಾರ್ಡ್ ಸಾಲದು. ರೆಕಾರ್ಡ್ ಕೇಳಿದರೆ ಇದು ಇಬ್ಬರು ಸೇರಿ ನುಡಿಸಿದ್ದೋ, ರೋಲೋ ಅನ್ನುವ ಅನುಮಾನ ಉಳಿಯುತ್ತದೆ. ಪಾಥೆ ಅನ್ನುವ ಸುದ್ದಿಚಿತ್ರ ಕಂಪನಿಯವರು ಲಂಡನ್ನಿನ ನಾವೆಲ್ಟಿ ವಾದಕ ಬಿಲ್ಲಿ ಮೇಯರ್ಲ್‌ನನ್ನು ಹಿಡಿದ ಫಿಲ್ಮ್ ನೋಡಿ. ಕೈಗಳು ಕಾಣುತ್ತವೆ. ಎರಡೇ ಇವೆ. ಅವನು 1926ರಲ್ಲಿ ಒಂದು ಶಾಲೆಯನ್ನೂ ತೆರೆದು ಅಂಚೆಯ ಮೂಲಕ ಈ ಕೈಚಳಕ ಕಲಿಸುತ್ತಿದ್ದ. ಅಂಚೆಯಲ್ಲಿ ಎಷ್ಟು ಜನಕ್ಕೆ ಬಂತೋ!

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಸಭ್ಯ ಉತ್ತರ ಆಗುತ್ತಿತ್ತು. ಆದರೆ ಆ ಗೃಹಪ್ರವೇಶದ ಮಧ್ಯಾಹ್ನ ನೆನಪಾಗುತ್ತಿದೆ.

ನಮ್ಮ ದೊಡ್ಡಮ್ಮನ ಮಗಳ ಹೊಸ ಫ್ಲ್ಯಾಟು. ಊಟ ಮುಗಿದಿತ್ತು. ಎಲ್ಲರೂ ಎಲೆಅಡಿಕೆ ಹಾಕಿಕೊಂಡು ಹಾಲ್‌ನಲ್ಲಿ ಕೂತಿದ್ದರು. ಭಾವ ನನ್ನ ಫೋನು ಕಸಿದುಕೊಂಡು ಗೋಡೆಯ ದೊಡ್ಡ ಟಿವಿಗೆ ಹಾಕಿಬಿಟ್ಟರು. "ಬನ್ರಪ್ಪಾ, ಇವಳು ರಾತ್ರಿ ಹೊತ್ತು ಏನ್ ನೋಡ್ತಾಳೆ ಅಂತ ನೋಡಿ." ಪರದೆ ಮೇಲೆ 1930ರ ದಶಕದ ವಾದಕನೊಬ್ಬ ಸೂಟು ಹಾಕಿಕೊಂಡು ಗಡಗಡ ನುಡಿಸುತ್ತಿದ್ದ. ಮಕ್ಕಳು ಬಿದ್ದು ಬಿದ್ದು ನಕ್ಕರು. ಅದು ಸರಿಯೇ, ನಗಲೆಂದೇ ಮಾಡಿದ್ದು. ಭಾವ ಮಾತ್ರ ನಗಲಿಲ್ಲ. ಅವರು ಪ್ರತಿ ಭಾನುವಾರ ಸಂಗೀತ ಸಭಾಗೆ ಹೋಗುವವರು. ತೀರ್ಪು ಕೊಟ್ಟರು: "ಫಾಸ್ಟ್ ಫಾರ್ವರ್ಡ್ ಮಾಡಿದಾರಮ್ಮಾ. ಹಳೇ ಸಿನಿಮಾದಲ್ಲಿ ಎಲ್ಲಾರೂ ಓಡಾಡ್ತಾರಲ್ಲ, ಹಾಗೆ."

ಭಾವ, ಅವತ್ತು ಗದ್ದಲದಲ್ಲಿ ನಿಮಗೆ ಕೇಳಿಸಲಿಲ್ಲ. ಈಗ ಕೇಳಿ. ಮೂಕಿ ಚಿತ್ರಗಳನ್ನು ಸೆಕೆಂಡಿಗೆ ಸುಮಾರು 16ರಿಂದ 20 ಚೌಕಟ್ಟಿನಂತೆ ತೆಗೆಯುತ್ತಿದ್ದರು. ಆಮೇಲೆ ಅದನ್ನೇ 24ರ ವೇಗದಲ್ಲಿ ಓಡಿಸಿದರೆ ಎಲ್ಲರೂ ಕುಪ್ಪಳಿಸುತ್ತಾರೆ. ಟಾಕಿ ಬಂದ ಮೇಲೆ ವೇಗ 24ಕ್ಕೆ ನಿಂತಿತು. ನಿಲ್ಲಲೇಬೇಕಿತ್ತು, ಯಾಕೆಂದರೆ ಸದ್ದೂ ಅದರ ಜೊತೆಗೇ ಓಡುತ್ತದೆ. ಆ ಕಾಲದಲ್ಲಿ ಸದ್ದಿರುವ ಫಿಲ್ಮನ್ನು 16ರಿಂದ 24ಕ್ಕೆ ಏರಿಸಿದರೆ ಏನಾಗುತ್ತಿತ್ತು? ವೇಗ ಒಂದೂವರೆ ಪಟ್ಟು, ಶ್ರುತಿಯೂ ಒಂದೂವರೆ ಪಟ್ಟು. ಎರಡಕ್ಕೆ ಮೂರು. ಅಂದರೆ ಷಡ್ಜ ಇದ್ದ ಕಡೆ ಪಂಚಮ. ಇಡೀ ಪಿಯಾನೋ ಕೀಚಲು ದನಿಯಲ್ಲಿ ಕಿರುಚುತ್ತಿತ್ತು. ತಂಬೂರಿ ಸ್ವಲ್ಪ ಇಳಿದರೆ ಮುಖ ಸಿಂಡರಿಸುವ ನಿಮಗೆ ಇದು ಗೊತ್ತಾಗುತ್ತಿರಲಿಲ್ವಾ?

ಸೋತ ಮೇಲೆ ಜನ ಎರಡನೇ ಅಸ್ತ್ರ ತೆಗೆಯುತ್ತಾರೆ. "ಸರಿ, ಆದರೂ ಇದು ಸಂಗೀತ ಅಲ್ಲ, ಸರ್ಕಸ್ಸು."

ಹೌದು, ಸರ್ಕಸ್ಸೂ ಇದೆ. ಹಾಲಿವುಡ್ಡಿನ ಹಾಸ್ಯನಟ ಚಿಕೊ ಮಾರ್ಕ್ಸ್ ತೋರುಬೆರಳನ್ನು ಪಿಸ್ತೂಲಿನ ಥರ ಹಿಡಿದು ಕೀಗಳಿಗೆ ಗುಂಡು ಹೊಡೆಯುತ್ತಾನೆ. ಅದನ್ನು ನೋಡಿ ನಗು ಬರದವರ ಜೊತೆ ನಾನು ಮಾತಾಡಲ್ಲ. ಆದರೆ ಲೆಕ್ಕ ನೋಡಿ. ಈ ವಾದಕರ ಒಂದು ಮೆಚ್ಚಿನ ಆಟ ಹೀಗಿದೆ: ಎಡಗೈ ನಾಲ್ಕರ ಎಣಿಕೆಯಲ್ಲಿ ಹೋಗುತ್ತಿರುತ್ತದೆ, ಬಲಗೈ ಮೂರು ಸ್ವರದ ತುಣುಕನ್ನು ಮತ್ತೆ ಮತ್ತೆ ಹೇಳುತ್ತದೆ. ಚತುರಶ್ರ ನಡೆಯಲ್ಲೇ ತಕಿಟ ತಕಿಟ ತಕಿಟ. ಒತ್ತು ಜಾರುತ್ತಾ ಜಾರುತ್ತಾ 12ಕ್ಕೆ ಬಂದು ಕೂಡುತ್ತದೆ. ಮೃದಂಗದವರು ತನಿಯಲ್ಲಿ ಇದನ್ನೇ ಮಾಡಿದಾಗ ಭಾವ ತೊಡೆ ತಟ್ಟಿ "ಭಲೇ" ಅನ್ನುತ್ತಾರೆ. ಸೂಟು ಹಾಕಿದವನು ಮಾಡಿದರೆ ಸರ್ಕಸ್ಸು.

ಸಾಕು, ಜಗಳ ಜಾಸ್ತಿ ಆಯಿತು. ನನಗೆ ನಿಜವಾಗಿ ಬೇಸರ ಇರುವುದು ಈ ಪ್ರಶ್ನೆಯ ಮೇಲಲ್ಲ. ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲವಲ್ಲ ಅಂತ. ಅವರು ನುಡಿಸುವಾಗ ಕ್ಯಾಮೆರಾ ನೋಡಿ ಯಾಕೆ ಹಾಗೆ ನಗುತ್ತಾರೆ?

ಗಮನಿಸಿದ್ದೀರಾ? ಕೈ ಉರಿಯುವಷ್ಟು ಕೆಲಸ ಮಾಡುತ್ತಿರುತ್ತದೆ. ಮುಖ ಮಾತ್ರ ಕಾಫಿಗೆ ಕರೆದ ಹಾಗಿರುತ್ತದೆ. ಈ ಕಲೆಯ ಅರ್ಧ ಕೆಲಸವೇ ಅದು: ಕಷ್ಟ ಪಡುತ್ತಿಲ್ಲ ಅಂತ ತೋರಿಸುವುದು. ಕಾನ್‌ಫ್ರೀ, ಮೇಯರ್ಲ್ ಥರದ ಬಿಳಿಯರಿಗೆ ಅದು ಬರೀ ಸ್ಟೈಲು. ಎಲ್ಲರಿಗೂ ಹಾಗಿರಲಿಲ್ಲ.

ಕಪ್ಪು ರಾಗ್‌ಟೈಮ್ ವಾದಕ ಯೂಬಿ ಬ್ಲೇಕ್‌ನನ್ನು ನೋಡಿ. 1923ರ ಫಿಲ್ಮ್ ಇದೆ, ಲೀ ಡಿ ಫಾರೆಸ್ಟ್ ತೆಗೆದ ಫೋನೋಫಿಲ್ಮ್. ಸದ್ದು ಫಿಲ್ಮಿನ ಅಂಚಿನಲ್ಲೇ ಮುದ್ರಿತವಾಗಿದೆ. ಮೊದಲ ಟಾಕಿ ಯಾವುದು ಅಂತ ಕ್ವಿಜ್‌ನಲ್ಲಿ ಹೇಳುತ್ತೀರಲ್ಲ, ಅದಕ್ಕೂ ಮುಂಚಿನದು. ನೋಬಲ್ ಸಿಸ್ಸಲ್ ಹಾಡುತ್ತಾನೆ, ಬ್ಲೇಕ್ ನುಡಿಸುತ್ತಾನೆ. ಕಪ್ಪು ಕಲಾವಿದರು ಕೂಡ ಮುಖಕ್ಕೆ ಮಸಿ ಬಳಿದುಕೊಂಡು ವೇದಿಕೆಗೆ ಬರಬೇಕು ಅನ್ನುವ ರೂಢಿ ಇದ್ದ ಕಾಲ. ಇವರಿಬ್ಬರೂ ಬಳಿದುಕೊಳ್ಳಲಿಲ್ಲ. ಬ್ಲೇಕ್ ಮುಂದೆ ಇನ್ನೊಂದು ವಿಷಯ ಹೇಳಿದ್ದ. ಶ್ರೀಮಂತ ಬಿಳಿಯರ ಪಾರ್ಟಿಗಳಲ್ಲಿ ನುಡಿಸುವಾಗ ಅವನೂ ಅವನ ಜೊತೆಯವರೂ ಸ್ವರಪ್ರತಿ ಮುಂದಿಟ್ಟುಕೊಳ್ಳುತ್ತಿರಲಿಲ್ಲವಂತೆ. ಎಲ್ಲವನ್ನೂ ಮೊದಲೇ ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದರು. ಕಪ್ಪು ಜನಕ್ಕೆ ಸಂಗೀತ ಹುಟ್ಟಿನಿಂದಲೇ ಬರುತ್ತದೆ, ಓದಲು ಬರುವುದಿಲ್ಲ ಅಂತ ನಂಬಿದ್ದ ಆ ಜನಕ್ಕೆ ಹಾಗಿದ್ದರೇ ಇಷ್ಟ. ಓದಲು ಬಂದರೂ ಬಾರದವರಂತೆ ಇರಬೇಕಿತ್ತು.

ಜಾಪ್ಲಿನ್‌ನ ಫಿಲ್ಮ್ ತುಣುಕು ಒಂದೂ ಇಲ್ಲ. ನ್ಯೂಯಾರ್ಕ್‌ನಲ್ಲಿ ಅವನ ಸಮಾಧಿಗೆ 1974ರವರೆಗೆ ಹೆಸರಿನ ಕಲ್ಲೂ ಇರಲಿಲ್ಲ.

ಆಮೇಲೆ ವಿನಿಫ್ರೆಡ್ ಆಟ್‌ವೆಲ್. ಟ್ರಿನಿಡಾಡ್‌ನ ಔಷಧಿ ಅಂಗಡಿ ಮನೆತನದವಳು. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಶಾಸ್ತ್ರೀಯ ಪಿಯಾನೋ ಕಲಿತಳು. ಖರ್ಚಿಗೆಂದು ರಾಗ್ ನುಡಿಸಿದಳು. 1952ರಲ್ಲಿ 'ಬ್ಲ್ಯಾಕ್ ಅಂಡ್ ವೈಟ್ ರಾಗ್' ರೆಕಾರ್ಡ್ ಬ್ರಿಟನ್ನಿನ ಮನೆಮನೆಗೂ ಹೋಯಿತು. 1954ರಲ್ಲಿ ಬ್ರಿಟನ್ನಿನ ರೆಕಾರ್ಡ್ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಮೊದಲ ಕಪ್ಪು ಕಲಾವಿದೆ ಆದಳು. ಆಕೆಯ ಕಾರ್ಯಕ್ರಮದಲ್ಲಿ ಎರಡು ಪಿಯಾನೋ. ಒಂದು ಭವ್ಯವಾದ ಗ್ರ್ಯಾಂಡ್. ಇನ್ನೊಂದು ಲಂಡನ್ನಿನ ಬ್ಯಾಟರ್ಸೀಯ ಗುಜರಿ ಅಂಗಡಿಯಲ್ಲಿ 50 ಶಿಲ್ಲಿಂಗ್‌ಗೆ ಕೊಂಡ, ಶ್ರುತಿ ಕೆಟ್ಟ ಡಬ್ಬಾ. ಜನ ಚಪ್ಪಾಳೆ ಹೊಡೆದದ್ದು ಡಬ್ಬಾಕ್ಕೆ. ಕೈಗಳಿಗೆ 40,000 ಪೌಂಡ್ ವಿಮೆ ಇತ್ತು, ಪಾತ್ರೆ ತೊಳೆಯಬಾರದು ಅನ್ನುವ ಷರತ್ತಿನ ಮೇಲೆ. ಈ ಷರತ್ತನ್ನು ನಮ್ಮ ಮನೆಯಲ್ಲಿ ಓದಿ ಹೇಳಿದೆ. ಏನೂ ಉಪಯೋಗ ಆಗಲಿಲ್ಲ.

ಆಟ್‌ವೆಲ್‌ಳ ಟಿವಿ ತುಣುಕುಗಳಲ್ಲಿ ಆ ನಗು ನೋಡಿ. ಅದು ಸುಳ್ಳು ನಗು ಅಂತ ನಾನು ಹೇಳಲ್ಲ. ಆಕೆಗೆ ನಿಜವಾಗಲೂ ಖುಷಿಯಾಗಿರಬಹುದು. ಆದರೆ ಗ್ರ್ಯಾಂಡ್ ಬಿಟ್ಟು ಡಬ್ಬಾಕ್ಕೆ ಬಂದು ಕೂತಾಗ ನಗು ಇನ್ನೂ ಅಗಲ ಆಗುತ್ತದೆ. ಅಷ್ಟು ಓದಿದ ಕೈ ಅದು. ಎಷ್ಟು ಓದಿದೆ ಅಂತ ಗೊತ್ತಾಗದ ಹಾಗೆ ನುಡಿಸಿದರೆ ಸಂಬಳ ಜಾಸ್ತಿ.

ಇನ್ನೊಬ್ಬಳು ಹೇಝಲ್ ಸ್ಕಾಟ್, ಆಕೆಯೂ ಟ್ರಿನಿಡಾಡ್‌ನಲ್ಲೇ ಹುಟ್ಟಿದವಳು. 1943ರ 'ದಿ ಹೀಟ್ಸ್ ಆನ್' ಚಿತ್ರದಲ್ಲಿ ಎರಡು ಪಿಯಾನೋ ನಡುವೆ ಕೂತು ಒಂದು ಕೈ ಅದರ ಮೇಲೆ, ಒಂದು ಕೈ ಇದರ ಮೇಲೆ ಇಟ್ಟು ನುಡಿಸುತ್ತಾಳೆ. ಕಟ್ಟುನಿಟ್ಟಾಗಿ ಹೇಳಿದರೆ ಇದು ರಾಗ್‌ಟೈಮ್ ಅಲ್ಲ. ಗೊತ್ತು, ತಿದ್ದಲು ಬರಬೇಡಿ. ಅದೇ ಚಿತ್ರದಲ್ಲಿ ಸೈನಿಕರನ್ನು ಬೀಳ್ಕೊಡುವ ಒಂದು ದೃಶ್ಯ ಇತ್ತು. ಕಪ್ಪು ನರ್ತಕಿಯರಿಗೆ ಕೊಳಕು ಏಪ್ರನ್ ಹಾಕಿಸಲು ಹೊರಟಿದ್ದರು. ಹೇಝಲ್ ಒಪ್ಪಲಿಲ್ಲ, ಮೂರು ದಿನ ಕೆಲಸಕ್ಕೇ ಬರಲಿಲ್ಲ. ಏಪ್ರನ್ ಹೋಯಿತು. ಸ್ವಲ್ಪ ಕಾಲದಲ್ಲೇ ಹಾಲಿವುಡ್‌ನಲ್ಲಿ ಆಕೆಗೆ ಕೆಲಸವೂ ಹೋಯಿತು. ಪರದೆ ಮೇಲೆ ಇದ್ಯಾವುದೂ ಕಾಣುವುದಿಲ್ಲ. ಕೈಗಳು ಓಡುತ್ತಿರುತ್ತವೆ, ಆಕೆ ಪಕ್ಕಕ್ಕೆ ತಿರುಗಿ ಮುಗುಳ್ನಗುತ್ತಾಳೆ. ಒಂದು ನಿಮಿಷದಲ್ಲಿ ನಾನು ಹತ್ತು ಸಲ ಹಿಂದೆ-ಮುಂದೆ ಮಾಡಿ ನೋಡುವುದು ಆ ಮುಖವನ್ನು.

ಬ್ಲೇಕ್ 1983ರವರೆಗೆ ಬದುಕಿದ್ದ. 90 ದಾಟಿದ ಮೇಲೂ ಟಿವಿಯಲ್ಲಿ ನುಡಿಸಿದ. ಹಾಗಾಗಿ 1923ರ ಕೈಗಳನ್ನೂ, ಅರ್ಧ ಶತಮಾನ ಕಳೆದ ಮೇಲಿನ ಅದೇ ಕೈಗಳನ್ನೂ ಒಂದೇ ರಾತ್ರಿ ನೋಡಬಹುದು. ಬೆರಳು ವಿಪರೀತ ಉದ್ದ. ಮುದುಕ ಬ್ಲೇಕ್ ಮಾತು ನಿಲ್ಲಿಸುವುದೇ ಇಲ್ಲ. ಹಳೇ ಕಥೆ ಹೇಳುತ್ತಾನೆ, ನುಡಿಸುತ್ತಾ ತಾನೇ ಗುನುಗುತ್ತಾನೆ. ಆ ವಯಸ್ಸಿಗೆ ಯಾರಿಗೂ ಏನನ್ನೂ ಮುಚ್ಚಿಡುವ ದರ್ದು ಅವನಿಗಿಲ್ಲ.

ನೋಡಬೇಕು ಅನ್ನಿಸಿದರೆ ಲಿಂಕ್ ಕೇಳಬೇಡಿ. ಹೆಸರುಗಳೆಲ್ಲಾ ಮೇಲಿವೆ, ಹುಡುಕಿಕೊಳ್ಳಿ. ಮೊದಲ ಸಲ ಸುಮ್ನೆ ನೋಡಿ. ಎರಡನೇ ಸಲ ಸೆಟ್ಟಿಂಗ್ಸ್‌ಗೆ ಹೋಗಿ ವೇಗ ಅರ್ಧ ಮಾಡಿ, ಬಲಗೈ ಬಿಟ್ಟು ಎಡಗೈ ಒಂದನ್ನೇ ಹಿಂಬಾಲಿಸಿ. ಭಾವನಿಗೂ ಹೇಳಿ, ಈಗಿನ ಆಪ್‌ಗಳಲ್ಲಿ ವೇಗ ಇಳಿಸಿದರೂ ಶ್ರುತಿ ಇಳಿಯಲ್ಲ.