ಖಾಲಿ ಮನೆಗೆ ಊದುಬತ್ತಿ

ವರ್ಗಾವಣೆ ಆದೇಶ ಬಂದ ರಾತ್ರಿ ಮಗನ ಹಳೆ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟ ಬಿಚ್ಚಿಕೊಂಡು ಕೂತೆವು. ಶಿವಮೊಗ್ಗದಿಂದ ಬೆಂಗಳೂರಿಗೆ, ಎಂ.ಎಸ್. ಬಿಲ್ಡಿಂಗಿಗೆ. ಪ್ರಥಮ ದರ್ಜೆ ಸಹಾಯಕಿಗೆ ಬೆಂಗಳೂರಿನಲ್ಲಿ ಮನೆ ಬಾಡಿಗೆ ಭತ್ಯೆ ಮೂಲ ವೇತನದ ಶೇ. 20. ನನ್ನ ಪಾಲಿಗೆ ಅದು 10,000ದ ಆಸುಪಾಸು. ಅದಕ್ಕೆ ಕೈಯಿಂದ 12,000 ಸೇರಿಸಬಹುದು ಎಂದು ಇವರು ಬರೆದರು. ಒಟ್ಟು 22,000. ಬಾಡಿಗೆ, ನೀರು, ಕರೆಂಟು, ನನ್ನ ಓಡಾಟ, ಮಗನ ಶಾಲೆಯ ವ್ಯಾನು, ಎಲ್ಲ ಅದರೊಳಗೇ. ಅಡ್ವಾನ್ಸಿಗೆ ಎತ್ತಿದ ಚೀಟಿಯ ದುಡ್ಡು 1,25,000 ಇತ್ತು. ಅದರ ಮೇಲೆ ಒಂದು ರೂಪಾಯಿ ಹುಟ್ಟುವ ಹಾಗಿರಲಿಲ್ಲ.

ಮೊದಲ ಎರಡು ವಾರ ಕಮಲಾನಗರದ ಚಿಕ್ಕಮ್ಮನ ಮನೆಯಲ್ಲಿದ್ದು ಆಫೀಸಿಗೆ ಹೋಗಿ ಬಂದೆ. ಸಂಜೆ ಹೊತ್ತು ಬೋರ್ಡುಗಳನ್ನು ಓದುತ್ತಾ ಅಲೆಯುವುದು. ಫೋನ್ ಮಾಡಿದರೆ ಮೊದಲ ಪ್ರಶ್ನೆ "ವೆಜ್ಜಾ, ನಾನ್‌ವೆಜ್ಜಾ?" ಎರಡನೆಯದು "ಎಷ್ಟು ಜನ?" ಮೂರನೆಯದು "ನೀವು ಯಾವ ಕಡೆಯವರು?" "ಶಿವಮೊಗ್ಗ ಕಡೆ" ಅಂದರೆ ಆ ಕಡೆಯಿಂದ ಒಂದು ಕ್ಷಣ ಮೌನ. ಅವರು ಕೇಳಿದ್ದು ಊರನ್ನಲ್ಲ ಎಂದು ನನಗೂ ಗೊತ್ತು, ನಾನು ಬೇಕೆಂದೇ ಊರು ಹೇಳಿದೆ ಎಂದು ಅವರಿಗೂ ಗೊತ್ತು.

ವಿಜಯನಗರದಲ್ಲಿ ಒಂದು ನೋಡಿದೆ. ಮೆಟ್ರೊ ಎಂಟು ನಿಮಿಷದ ನಡಿಗೆ, ಬೀದಿ ತುಂಬ ಹೂವು ತರಕಾರಿ, ಯಾರಿಗಾದರೂ ಆಸೆಯಾಗಬೇಕು. ಒಂದು ಬೆಡ್‌ರೂಮು, ಮೂರನೇ ಮಹಡಿ, ಲಿಫ್ಟಿಲ್ಲ, 19,000. ಅಡ್ವಾನ್ಸು ಹತ್ತು ತಿಂಗಳದ್ದು. ಮಂಡಿನೋವಿನ ಅತ್ತೆಯನ್ನು ದಿನಾ ಮೂರು ಮಹಡಿ ಹತ್ತಿಸಿ ರಾತ್ರಿ ಹಾಲಿನಲ್ಲಿ ಮಲಗಿಸುವುದೇ? ಅಲ್ಲಿಗೆ ವಿಜಯನಗರದ ಆಸೆ ಬಿಟ್ಟೆ.

ಜೂನ್ ಎರಡನೇ ಶನಿವಾರ ಕಚೇರಿಗೆ ರಜೆ. ಇವರು, ಅತ್ತೆ ಇಬ್ಬರೂ ಹಿಂದಿನ ರಾತ್ರಿಯ ಬಸ್ಸಿಗೆ ಹೊರಟು ಬಂದರು. ಇವತ್ತೇ ಒಂದು ತೀರ್ಮಾನ ಆಗಿಬಿಡಬೇಕು, ಶಾಲೆ ಶುರುವಾಗಿ ಹತ್ತು ದಿನ ಆಗಿದೆ ಎಂಬ ಒತ್ತಡ ಬೇರೆ.

ಇವರ ಮನಸ್ಸು ಮೊದಲಿಂದಲೂ ತುಮಕೂರು ರಸ್ತೆ ಕಡೆಗೇ. ಸಾಗರದ ಹತ್ತಿರ ನಮ್ಮದೊಂದು ಎಕರೆ ಅಡಿಕೆ ತೋಟ. ಹದಿನೈದು ದಿನಕ್ಕೊಮ್ಮೆ ಹೋಗಲೇಬೇಕು. ಜಾಲಹಳ್ಳಿ ಕ್ರಾಸಿನಲ್ಲಿ ನಿಂತರೆ ಶಿವಮೊಗ್ಗದ ಬಸ್ಸು ಎದುರಿಗೇ ಬರುತ್ತದೆ, ಮೆಜೆಸ್ಟಿಕ್‌ವರೆಗೆ ಹೋಗುವ ಗೋಜಿಲ್ಲ. ನನಗೂ ಹಸಿರು ಮಾರ್ಗದ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಿದರೆ ವಿಧಾನಸೌಧ ಸ್ಟೇಷನ್. ಕಾಗದದ ಮೇಲೆ ಸೊಗಸಾಗಿತ್ತು. ಮನೆಯೂ ಅಷ್ಟೇ: ನೆಲಮಹಡಿ, ಎರಡು ಬೆಡ್‌ರೂಮು, ಮುಂದೆ ತುಳಸಿಕಟ್ಟೆ, 14,000. ಇವರು ಆಗಲೇ ಜೇಬಿಗೆ ಕೈ ಹಾಕಿದ್ದರು, ಟೋಕನ್ ಅಡ್ವಾನ್ಸು ಕೊಡಲು.

ಅತ್ತೆ ಸೀದಾ ಬಚ್ಚಲಿಗೆ ಹೋದರು. ನಲ್ಲಿ ತಿರುಗಿಸಲಿಲ್ಲ. ಬಗ್ಗಿ, ನಲ್ಲಿಯ ಬಾಯಿಗೆ ಕಟ್ಟಿದ್ದ ಬಿಳಿ ಹಕ್ಕಳೆಯನ್ನು ಉಗುರಿನಲ್ಲಿ ಕೆರೆದರು. ಸುಣ್ಣದ ಪುಡಿಯ ಹಾಗೆ ಉದುರಿತು. ಟೈಲ್ಸಿನ ಮೇಲೂ ಬಕೆಟ್ ಇಡುವ ಜಾಗದಲ್ಲಿ ದುಂಡನೆಯ ಬಿಳಿ ಗುರುತು.

"ಬೋರ್ ನೀರು ಕಣೇ. ಇದರಲ್ಲಿ ತೊಗರಿಬೇಳೆ ಬೆಂದ ಹಾಗೇ."

ಓನರು ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. "ಬೇಸಿಗೇಲಿ ಮಾತ್ರ ಒಂದೆರಡು ಟ್ಯಾಂಕರ್ ಹಾಕಿಸ್ಬೇಕಾಗತ್ತೆ, ಎಲ್ಲಾರೂ ಹಂಚ್ಕೊಳೋದು" ಎಂದರು. ಆ 'ಒಂದೆರಡು' ಎಷ್ಟು ಎಂದು ತಿಳಿದದ್ದು ಪಕ್ಕದ ಮನೆಯ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸಿನಿಂದ. 2024ರ ಬೇಸಿಗೆಯಲ್ಲಿ ನಗರಕ್ಕೆ ನಗರವೇ ನೀರಿಗೆ ಬಾಯಿ ಬಿಟ್ಟಿತ್ತಲ್ಲ, ಆಗ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ ಎಂದು ದರ ಕಟ್ಟಿತ್ತು. "ಆ ರೇಟು ನಾವು ಪೇಪರಲ್ಲಿ ನೋಡಿದ್ವಿ ಅಕ್ಕಾ" ಎಂದಳು ಆಕೆ, ನಗುತ್ತಾ. ಕೈ ಮಾತ್ರ ನಿಲ್ಲಿಸಲಿಲ್ಲ.

ಇನ್ನೊಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಇಡೀ ಕಟ್ಟಡಕ್ಕೆ ಒಂದೇ ಕರೆಂಟು ಮೀಟರು. ಬಾಡಿಗೆಯವರಿಗೆಲ್ಲ ಒಳಗೊಂದು ಸಬ್‌ಮೀಟರ್, ಯೂನಿಟ್ಟಿಗೆ 10 ರೂಪಾಯಿ ಓನರಿಗೆ. ಎಂದರೆ ಗೃಹಜ್ಯೋತಿಯ ಉಚಿತ ಕರೆಂಟು ನಮಗಿಲ್ಲ. ನಮ್ಮ ಹೆಸರಿಗೆ ಜೋಡಿಸಲು ನಮ್ಮದೇ ಮೀಟರಿನ ಆರ್.ಆರ್. ನಂಬರ್ ಇರಬೇಕಲ್ಲ.

ಹತ್ತಿರದ ದರ್ಶಿನಿಯಲ್ಲಿ ಇಡ್ಲಿ ತಿನ್ನುತ್ತಾ ನೋಟ್‌ಬುಕ್ ಬಿಚ್ಚಿದೆ. ಬಾಡಿಗೆ 14,000. ಕರೆಂಟು 1,500. ಟ್ಯಾಂಕರಿನ ಪಾಲು, ವರ್ಷಕ್ಕೆ ಸರಾಸರಿ ಹಿಡಿದು 1,200. ಕುಡಿಯಲು ಕ್ಯಾನ್ ನೀರು 480. ಮೆಟ್ರೊ ಒಂದು ಬದಿಗೆ ಸುಮಾರು 60ರಂತೆ ತಿಂಗಳಿಗೆ 2,900. ಮನೆಯಿಂದ ಸ್ಟೇಷನ್ನಿಗೆ ಎರಡೂವರೆ ಕಿಲೋಮೀಟರ್, ಹೋಗಿ ಬರಲು ಆಟೊ 2,880. ಕೂಡಿದರೆ 22,960. ಮಗನ ವ್ಯಾನಿನ್ನೂ ಸೇರಿಲ್ಲ. ಇವರು ಎರಡು ಸಲ ಕೂಡಿ ನೋಡಿದರು, ಮೊತ್ತ ಇಳಿಯಲಿಲ್ಲ. "ಹದಿನಾಲ್ಕು ಸಾವಿರದ ಮನೆ ಅಂದಿದ್ದನಲ್ಲ" ಎಂದು ಸಾಂಬಾರಿನಲ್ಲಿ ಚಮಚ ಆಡಿಸುತ್ತಾ ಕೂತರು. ಪಾಪ ಅನ್ನಿಸಿತು. ಆದರೂ ಮನೆ ಬೇಡ ಎಂದೆ.

ಮಧ್ಯಾಹ್ನ ಕೆಂಗೇರಿ. ಬ್ರೋಕರ್ "ಸ್ಯಾಟಲೈಟ್ ಟೌನಲ್ಲಿ ಮೂರು ಮನೆ ಇದೆ ಮೇಡಂ, ಬನ್ನಿ" ಎಂದಿದ್ದ. ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿ ಕಂಡಕ್ಟರಿಗೆ "ಸ್ಯಾಟಲೈಟ್" ಎಂದೆ. ಅತ್ತೆಗೂ ನನಗೂ ಶಕ್ತಿ ಯೋಜನೆಯ ಶೂನ್ಯ ಟಿಕೆಟ್, ಇವರಿಗೆ ದುಡ್ಡಿನ ಟಿಕೆಟ್. ಮೈಸೂರು ರಸ್ತೆಯ ದೊಡ್ಡ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಸ್ಯಾಟಲೈಟ್ ಇಳೀರಿ" ಎಂದ, ಇಳಿದೆವು. ಬ್ರೋಕರಿಗೆ ಫೋನ್ ಮಾಡಿದರೆ ಅವನು "ನಾನು ಪಾರ್ಕ್ ಹತ್ರ ಇದೀನಿ, ನೀವು ಕಾಣ್ತಿಲ್ವಲ್ಲ" ಎನ್ನುತ್ತಾನೆ. ಇಲ್ಲಿ ಪಾರ್ಕೇ ಇಲ್ಲ, ಎಲ್ಲಿ ನೋಡಿದರೂ ಮೈಸೂರು, ಮಡಿಕೇರಿ ಬಸ್ಸುಗಳು. ಕೊನೆಗೆ ಅವನೇ ನಕ್ಕ. "ಮೇಡಂ, ಅದು ಸ್ಯಾಟಲೈಟ್ ಬಸ್ ಸ್ಟ್ಯಾಂಡು. ಇದು ಸ್ಯಾಟಲೈಟ್ ಟೌನು. ಇನ್ನೂ ಏಳೆಂಟು ಕಿಲೋಮೀಟರ್ ಬರ್ಬೇಕು." ಕನ್ನಡದಲ್ಲಿ 'ಕೆಂಗೇರಿ ಉಪನಗರ' ಎಂದು ಚೆಂದದ ಹೆಸರಿದೆ. ಅದನ್ನೇ ಹೇಳಿದ್ದರೆ ನಾವು ಮಳೆಯಲ್ಲಿ ನೆನೆಯುವುದು ತಪ್ಪುತ್ತಿತ್ತು.

ಉಳಿದ ದಾರಿಗೆ ಮೆಟ್ರೊ ಹತ್ತಿದೆವು. ಈ ಮಾರ್ಗ ಕೆಂಗೇರಿವರೆಗೆ ಬಂದದ್ದು 2021ರಲ್ಲಿ. 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ಗಾಡಿ. ಅತ್ತೆಗೆ ಮೊದಲ ಮೆಟ್ರೊ ಪ್ರಯಾಣ. ಕಿಟಕಿಯಿಂದ ಕೆಳಗೆ ನೋಡಿ "ಅದೇನೇ ಕೆಳಗೆ, ಕಪ್ಪು ನೀರು?" ಎಂದರು. ವೃಷಭಾವತಿ ನದಿ ಎಂದೆ. "ನದಿ?" ಎಂದು ಮತ್ತೊಮ್ಮೆ ನೋಡಿದರು. ಶರಾವತಿ ಸೀಮೆಯ ಹೆಂಗಸು. ಆಮೇಲೆ ಕೆಂಗೇರಿ ಬರುವವರೆಗೂ ಮಾತಾಡಲಿಲ್ಲ.

ಬ್ರೋಕರ್ ತೋರಿಸಿದ ಮೊದಲ ಮನೆ ಹೊಸದು, ಕಪಾಟುಗಳೆಲ್ಲ ಮಿರಮಿರ ಮಿಂಚುತ್ತಿದ್ದವು, 15,500. ಈ ಭಾಗದಲ್ಲಿ ಈ ದರಕ್ಕೆ ಇಂಥ ಮನೆ ಸಿಗಬಾರದು, ಸಿಕ್ಕಿದೆ ಎಂದರೆ ಏನೋ ಇದೆ ಎಂದು ನನ್ನ ಒಳಗುದಿ. ನಲ್ಲಿಗೆ ಕಾವೇರಿ ನೀರು ಇದೆಯಾ ಎಂದೆ. "ಬರ್ತಾ ಇದೆ ಮೇಡಂ" ಎಂದ. ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ನೀರಿನ ಯೋಜನೆಯ 5ನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದಾಗಿನಿಂದ ಬೆಂಗಳೂರಿನ ಅಂಚಿನಲ್ಲಿ ಎಲ್ಲ ಬ್ರೋಕರ್‌ಗಳ ಬಾಯಲ್ಲೂ ಇದೇ ಮಾತು. 'ಬರ್ತಾ ಇದೆ' ಅನ್ನುವುದು ಬೇರೆ, 'ಬರತ್ತೆ' ಅನ್ನುವುದು ಬೇರೆ. ನಾನು ಸಂಪ್ ಮುಚ್ಚಳ ತೆಗೆಸುವುದರಲ್ಲಿದ್ದೆ. ಅಷ್ಟರಲ್ಲಿ ಅತ್ತೆ ಹಾಲಿನ ನಡುವೆ ನಿಂತು ಮೂಗು ಮೇಲೆತ್ತಿದರು.

ಅಡುಗೆಮನೆ ಕಟ್ಟೆಯ ಮೂಲೆಯಲ್ಲಿ, ಬಾಳೆಹಣ್ಣಿಗೆ ಚುಚ್ಚಿದ ಊದುಬತ್ತಿ. ಒಂದಲ್ಲ, ಐದಾರು. ಬೂದಿ ಇನ್ನೂ ಮುರಿದು ಬಿದ್ದಿರಲಿಲ್ಲ, ನಾವು ಮೆಟ್ಟಿಲು ಹತ್ತುವಾಗ ಹಚ್ಚಿದ್ದಿರಬೇಕು.

"ಏನಪ್ಪಾ, ಖಾಲಿ ಮನೆಗೆ ಯಾರ ಪೂಜೆಗೆ ಊದುಬತ್ತಿ ಹಚ್ಚಿದೀಯ?"

"ಶುಭ ಅಲ್ವಾ ಅಜ್ಜಿ..."

ಅತ್ತೆ ಹೋಗಿ ಹಿಂದಿನ ಬೆಡ್‌ರೂಮಿನ ಕಿಟಕಿ ತೆರೆದರು. ಚಿಲಕ ಬಿಗಿಯಾಗಿತ್ತು, ಸೆರಗಿನಲ್ಲಿ ಹಿಡಿದು ಎಳೆದರು. ತೆರೆದದ್ದೇ ತಡ, ಮೆಟ್ರೊದಿಂದ ನೋಡಿದ್ದ ಆ ಕಪ್ಪು ನೀರಿನ ವಾಸನೆ ಮನೆಗೆ ನುಗ್ಗಿತು. ಕಾಂಪೌಂಡಿನ ಆಚೆ ರಾಜಕಾಲುವೆ, ಮಳೆ ಬಂದು ಕಲಕಿದ್ದರಿಂದ ಇನ್ನೂ ಜೋರು. ಬ್ರೋಕರ್ ತಲೆ ಕೆರೆದುಕೊಂಡು "ಬೆಳಗ್ಗೆ ಹೊತ್ತು ಬರಲ್ಲ ಅಜ್ಜಿ" ಎಂದ. ಅವನ ಮೇಲೆ ಸಿಟ್ಟು ಬರಬೇಕಿತ್ತು, ನಗು ಬಂತು.

ಎರಡನೇ ಮನೆಯ ಮಾತು ಬೇಡ. ಮೂರನೆಯದು ಹಳೇ ಕಟ್ಟಡ. ರೆಡ್ ಆಕ್ಸೈಡ್ ನೆಲ, ಬಾಗಿಲು ಕಿರುಗುಟ್ಟುತ್ತದೆ, ಅಡುಗೆಮನೆಯಲ್ಲಿ ಕಪಾಟಿನ ಬದಲು ಕಡಪಾ ಕಲ್ಲಿನ ಹಲಗೆ. ನೆಲಮಹಡಿ, ಓನರು ಮೇಲೆ. ಅತ್ತೆ ನಲ್ಲಿ ಕೆರೆದರು, ಏನೂ ಉದುರಲಿಲ್ಲ. ಕಾವೇರಿ ದಿನ ಬಿಟ್ಟು ದಿನ ಬೆಳಗಿನ ಜಾವ ಬರುತ್ತದಂತೆ. ಮೀಟರು ಬೇರೆ ಬೇರೆ. ಮೆಟ್ರೊ ಹನ್ನೆರಡು ನಿಮಿಷದ ನಡಿಗೆ. ಬ್ರೋಕರ್ "ಐದು ನಿಮಿಷ" ಎಂದಿದ್ದ, ನಾನು ಗಡಿಯಾರ ನೋಡಿಕೊಂಡು ನಡೆದಿದ್ದೆ. ಕನ್ನಡ ಮಾಧ್ಯಮವಿರುವ ಶಾಲೆಗೆ ವ್ಯಾನು 1,500.

ಓನರಮ್ಮ ಹೇಳಿದ್ದು 17,500, ಅಡ್ವಾನ್ಸು 1,75,000. ಇಲ್ಲಿ ಸಿಕ್ಕಿಹಾಕಿಕೊಂಡೆವು. ಐವತ್ತು ಸಾವಿರ ಎಲ್ಲಿಂದ ತರುವುದು? ಭಾವ ಫೋನಿನಲ್ಲಿ "ಭೋಗ್ಯಕ್ಕೆ ಹಾಕ್ಕೊಳ್ರಿ, ಬಾಡಿಗೇನೇ ಇರಲ್ಲ" ಎಂದರು, ಹತ್ತು ಹನ್ನೆರಡು ಲಕ್ಷ ನಮ್ಮ ಅಟ್ಟದ ಮೇಲಿದೆ ಎಂಬಂತೆ. ಇವರು ಚೌಕಾಸಿ ಮಾಡುವ ಪೈಕಿ ಅಲ್ಲ. ನಾನೇ ಕೇಳಿದೆ: "ಆಂಟಿ, ತಿಂಗಳಿಗೆ ಐನೂರು ಜಾಸ್ತಿ ಕೊಡ್ತೀನಿ. ಅಡ್ವಾನ್ಸು ಒಂದೂಕಾಲು ಲಕ್ಷಕ್ಕೆ ಮಾಡ್ಕೊಳಿ." ಅವರು ಒಳಗೆ ಹೋಗಿ ಯಜಮಾನರನ್ನು ಕೇಳಿ ಬಂದರು. ಸರ್ಕಾರಿ ನೌಕರಿ, ಒಂದನೇ ತಾರೀಖು ತಪ್ಪುವುದಿಲ್ಲ ಎಂಬುದು ಕೆಲಸ ಮಾಡಿರಬೇಕು. ಒಪ್ಪಿದರು. ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುತ್ತೇವೆ ಎಂದದ್ದನ್ನು ಬಗ್ಗಿಸಲು ಆಗಲಿಲ್ಲ. ಐದು ವರ್ಷ ಇದ್ದರೂ ಹಿಡಿಯುತ್ತಾರೆ, ಐದು ತಿಂಗಳು ಇದ್ದರೂ ಹಿಡಿಯುತ್ತಾರೆ. ಇದೇನು ನ್ಯಾಯವೋ. ಕರಾರು ಎಲ್ಲ ಕಡೆಯಂತೆ 11 ತಿಂಗಳದ್ದು. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಲ್ಲ. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ. ಅದನ್ನು ಮಾತ್ರ ನಾವು ಲೆಕ್ಕದಲ್ಲಿ ಬರೆಯುವುದನ್ನೇ ಮರೆತಿದ್ದೆವು. ನನ್ನ ಎರಡು ಬಳೆ ಮೂರು ತಿಂಗಳು ಬ್ಯಾಂಕಿನಲ್ಲಿದ್ದವು.

ಆ ಸಂಜೆ ಕೆಂಗೇರಿ ಸ್ಟೇಷನ್ನಿನ ಬೆಂಚಿನ ಮೇಲೆ ಬರೆದ ಲೆಕ್ಕ ಈಗಲೂ ಇದೆ. ಬಾಡಿಗೆ 18,000. ನೀರು 400. ಕರೆಂಟು ಸೊನ್ನೆ. ವ್ಯಾನು 1,500. ಉಳಿದದ್ದು 2,100, ಅದರಲ್ಲಿ ನನ್ನ ಓಡಾಟ ಆಗಬೇಕು. 2025ರ ಫೆಬ್ರವರಿಯಲ್ಲಿ ಮೆಟ್ರೊ ಗರಿಷ್ಠ ದರ 60ರಿಂದ 90ಕ್ಕೆ ಏರಿದ ಮೇಲೆ ಎರಡೂ ಹೊತ್ತು ಮೆಟ್ರೊ ಎಂದರೆ ಆ ದುಡ್ಡು ಸಾಲದು. ಎರಡೂ ಹೊತ್ತು ಬಸ್ಸಾದರೆ ಪುಕ್ಕಟೆ, ಆದರೆ ಬೆಳಿಗ್ಗೆ ಮೈಸೂರು ರಸ್ತೆಯನ್ನು ನಂಬಿ ಹೊರಟರೆ ಹಾಜರಿ ಪುಸ್ತಕ ಸಾಹೇಬರ ಟೇಬಲ್ಲಿಗೆ ಹೋಗಿರುತ್ತದೆ. ಹಾಗಾಗಿ ಬೆಳಿಗ್ಗೆ ಮೆಟ್ರೊ, ಸಂಜೆ ಬಸ್ಸು ಎಂದು ಬರೆದೆ: 1,600. ಕೆಳಗೆ ಗೆರೆ ಎಳೆದು 21,500. ಇವರು ಅದರ ಪಕ್ಕದಲ್ಲಿ ಪೆನ್ನಿನಿಂದ 'ಉಳಿತಾಯ 500' ಎಂದು ದೊಡ್ಡದಾಗಿ ಬರೆದರು.

ಆ ಐನೂರು ಮೊದಲ ತಿಂಗಳೇ ಹೋಯಿತು. ನಮಗಿಂತ ಮೊದಲಿದ್ದವರು ಗೃಹಜ್ಯೋತಿಯಿಂದ ಆರ್.ಆರ್. ನಂಬರನ್ನು ಡಿ-ಲಿಂಕ್ ಮಾಡಿಸದೇ ಹೋಗಿದ್ದರು. ಅದು ಬಿಡಿಸಿ ನಮ್ಮ ಹೆಸರಿಗೆ ಸೇರುವವರೆಗೆ ಬಿಲ್ಲು ನಾವೇ ಕಟ್ಟಿದೆವು.

ಬಂದ ಮಾರನೆಯ ಬೆಳಗಿನ ಜಾವ ನಾಲ್ಕೂವರೆಗೆ ಎಚ್ಚರವಾಯಿತು. ಸಂಪಿಗೆ ನೀರು ಬೀಳುವ ಸದ್ದು. ಎದ್ದು ನೋಡಿದರೆ ಅತ್ತೆ ಆಗಲೇ ಅಂಗಳದಲ್ಲಿ, ಸಂಪಿನ ಮುಚ್ಚಳ ಸರಿಸಿ ಟಾರ್ಚು ಬಿಟ್ಟುಕೊಂಡು ಕೂತಿದ್ದಾರೆ. "ಬಂದಿದೆ ಕಣೇ" ಎಂದರು, ಊರಿಂದ ನೆಂಟರು ಬಂದ ಹಾಗೆ.

ಇವರದ್ದು ಮಾತ್ರ ಇನ್ನೂ ಮುಗಿದಿಲ್ಲ. ಪ್ರತಿ ಸಲ ತೋಟಕ್ಕೆ ಹೊರಡುವಾಗ ಚೀಲ ಹೆಗಲಿಗೆ ಹಾಕಿ, "ಜಾಲಹಳ್ಳಿ ಕ್ರಾಸಲ್ಲಿ ಮನೆ ಮಾಡಿದ್ರೆ ಇಷ್ಟು ಹೊತ್ತಿಗೆ ನಾನು ಬಸ್ಸಲ್ಲಿ ಕೂತಿರ್ತಿದ್ದೆ" ಎನ್ನುತ್ತಾರೆ. ಅತ್ತೆ ಒಳಗಿನಿಂದ, "ಬೇಳೆ ಅಲ್ಲೇ ಬೇಯಿಸ್ಕೊಂಡು ಇರು ಹೋಗು" ಎನ್ನುತ್ತಾರೆ.