ನೀವು ಸ್ತ್ರೀವಾದಿಯೇ ಎಂದು ಕೇಳುವವರಿಗೆ

ಹೌದು. ಉತ್ತರ ಇಲ್ಲಿಗೇ ಮುಗಿಯಬೇಕಿತ್ತು, ಕೇಳಿದವರು ಮುಗಿಯಲು ಬಿಡುವುದಿಲ್ಲ. ‘ನೋಡಿದರೆ ಹಾಗೆ ಕಾಣುವುದಿಲ್ಲವಲ್ಲ’ ಎಂದು ನನ್ನ ಇಳಕಲ್ ಸೀರೆಯನ್ನು ಮೇಲಿಂದ ಕೆಳಗೆ ನೋಡುತ್ತಾರೆ. ‘ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರು?’ ನಾನೇ. ತೆಳ್ಳಗೆ ಬರುತ್ತದೆ. ‘ಗಂಡಸರ ಮೇಲೆ ಇಷ್ಟೇಕೆ ಸಿಟ್ಟು?’ ಎಲ್ಲರ ಮೇಲೂ ಇಲ್ಲ. ಹೀಗೇ ಕೇಳುತ್ತಿದ್ದರೆ ನಿಮ್ಮ ಮೇಲೆ ಬರಬಹುದು.

ಈ ಪ್ರಶ್ನೆಯನ್ನು ಬೈಗುಳದಂತೆ ಮೊದಲು ಕೇಳಿಸಿಕೊಂಡದ್ದು ಧಾರವಾಡ ಜಿಲ್ಲೆಯ ಒಂದು ಉಪನೋಂದಣಿ ಕಚೇರಿಯ ಜಗಲಿಯಲ್ಲಿ. ಅಣ್ಣಂದಿರು ‘ಒಂದು ಸಹಿಯಷ್ಟೇ’ ಎಂದು ಕರೆಸಿದ್ದರು. ಅಪ್ಪನ ಎರೆಹೊಲದ ಮೇಲಿನ ನನ್ನ ಹಕ್ಕು ಬಿಡುವ ಪತ್ರ. ಅತ್ತಿಗೆಯ ಚೀಲದಲ್ಲಿ ನನಗೆ ಉಡಿ ತುಂಬಲು ಸೀರೆ, ಕುಪ್ಪಸ, ಕೊಬ್ಬರಿ ಬಟ್ಟಲು ಸಿದ್ಧವಾಗಿದ್ದವು. ನಾನು ಪತ್ರವನ್ನು ಓದತೊಡಗಿದೆ. ಬೇರೇನೂ ಮಾಡಲಿಲ್ಲ, ಓದಿದೆ ಅಷ್ಟೇ. ‘ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ’ ಎಂಬ ಸಾಲಿಗೆ ಬರುವಷ್ಟರಲ್ಲಿ ಪತ್ರ ಬರೆಯುವವನು ಮುಚ್ಚಳ ತೆಗೆದ ಪೆನ್ನನ್ನು ನನ್ನ ಬೆರಳಿಗೆ ತುರುಕುತ್ತಿದ್ದ. ‘ಓದುವುದೇನಿದೆ ತಂಗಿ? ನೀವು ಸ್ತ್ರೀವಾದಿಯೇ?’ ಎಂದ.

ಸಹಿ ಹಾಕದೆ ಬಸ್ ಹತ್ತಿದೆ.

ಆಮೇಲೆ ಶುರುವಾಯಿತು ವಾದ. ಅಪ್ಪ ತೀರಿಹೋದದ್ದು 2003ರಲ್ಲಿ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದದ್ದು 2005ರಲ್ಲಿ, ನಿನಗೆಲ್ಲಿಯ ಪಾಲು? ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು, ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕೆಂದೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿಯಾಗಿದೆ. ‘ದಿಲ್ಲಿಯ ಕಾನೂನು ನಮ್ಮ ಕಡೆ ನಡೆಯುವುದಿಲ್ಲ’ ಎನ್ನುವವರೂ ಇದ್ದಾರೆ. ಸ್ವಾಮಿ, ಕರ್ನಾಟಕ 1994ರಲ್ಲೇ ತನ್ನದೇ ತಿದ್ದುಪಡಿ ತಂದಿತ್ತು; ಆಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು, ಅದು ಬೇರೆ ಮಾತು.

ಕೊನೆಯ ಅಸ್ತ್ರ ತವರು. ಪಾಲು ಕೇಳಿದರೆ ಪಂಚಮಿಗೆ ಕರೆಯುವವರು ಯಾರು? ನಾಲ್ಕು ಶೇಂಗಾ ಉಂಡಿ, ಒಂದು ಜೋಕಾಲಿಯ ಎದುರು ಎರೆಹೊಲವನ್ನು ತಕ್ಕಡಿಗಿಟ್ಟವರು ಅವರು. ಆಸೆಬುರುಕಿ ಎಂಬ ಹೆಸರು ಮಾತ್ರ ನನಗೆ.

ಹುಬ್ಬಳ್ಳಿಯಲ್ಲಿ ಚೆನ್ನಮ್ಮ ವೃತ್ತ ದಾಟುವಾಗ ಕುದುರೆಯ ಮೇಲಿನ ರಾಣಿಗೆ ಕೈಮುಗಿಯುವವರನ್ನು ಕಾಣುತ್ತೇನೆ. ಆಕೆಯ ಜಗಳವೂ ವಾರಸಿಕೆಯದೇ. ದತ್ತುಮಗ ಶಿವಲಿಂಗಪ್ಪನನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. 1824ರ ಅಕ್ಟೋಬರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಹೆಣವಾದ. ಅದು ಸ್ವಾಭಿಮಾನ. ತಂಗಿ ಕೇಳಿದರೆ ಮನೆ ಮುರಿಯುವ ಕೆಲಸ.

ಆದ್ದರಿಂದ ನಾನು ಸ್ತ್ರೀವಾದಿಯೇ ಎಂದು ಕೇಳಬೇಡಿ. ‘ನಿಮ್ಮ ತವರಿನ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಯಾರ ಯಾರ ಹೆಸರಿದೆ?’ ಎಂದು ಕೇಳಿ. ಯಾವ ಮದುವೆ ಪಂಕ್ತಿಯಲ್ಲಿ ಬೇಕಾದರೂ ಕೂತು ಹೇಳುತ್ತೇನೆ, ಹೋಳಿಗೆ ಆರಿದರೂ ಚಿಂತೆಯಿಲ್ಲ. ನಿಮ್ಮ ಅಕ್ಕತಂಗಿಯರ ಹೆಸರು ಎಲ್ಲಿದೆ ಎಂದೂ ಕೇಳುತ್ತೇನೆ. ಅಷ್ಟರಲ್ಲಿ ನಿಮಗೆ ಕೈತೊಳೆಯುವ ಅವಸರ ಬಂದಿರುತ್ತದೆ.

ಆ ವರ್ಷ ಪಂಚಮಿಗೆ ನನಗೆ ಕರೆ ಬರಲಿಲ್ಲ. ಮರುವರ್ಷ ಅತ್ತಿಗೆಯ ಫೋನ್ ಬಂತು. ಹಬ್ಬಕ್ಕಲ್ಲ. ಆಕೆಯ ತವರು ಹಾವೇರಿ ಕಡೆ, ಅಲ್ಲಿಯೂ ತಮ್ಮಂದಿರು ಸಹಿಗೆ ಕರೆಯುತ್ತಿದ್ದರಂತೆ. ಹೊಲದ ಉತಾರ ತೆಗೆಸುವುದು ಹೇಗೆ ಎಂದು ಕೇಳಿದಳು. ಸರ್ವೆ ನಂಬರ್ ಹಿಡಿದು ಭೂಮಿ ಕೇಂದ್ರಕ್ಕೆ ಹೋಗು ಎಂದೆ. ಹಿಂದಿನಿಂದ ನನ್ನ ಅಣ್ಣನ ದನಿ ಕೇಳಿಸಿತು: ‘ವಕೀಲರು ಯಾರು ಒಳ್ಳೆಯವರೆಂದು ಅದನ್ನೂ ಕೇಳು.’